ಬುಟ್ಟಿಗೆ ಕೈ ಹಾಕಬಾರದು

ನಮ್ಮ ಎದುರುಮನೆಯ ಯಜಮಾನರಿಗೆ ಪಾಂಡವಪುರದಲ್ಲಿ ಬೆಲ್ಲದ ಮಂಡಿಯಿತ್ತು. ತೊಂಬತ್ತರ ದಶಕದಲ್ಲಿ ಒಮ್ಮೆ ಅಸೆಂಬ್ಲಿ ಎಲೆಕ್ಷನ್ನಿಗೂ ನಿಂತರು, ಇಂಡಿಪೆಂಡೆಂಟಾಗಿ. ಪಾಲಿಸಿ ವೆರಿ ಸಿಂಪಲ್. ಸಣ್ಣ ವ್ಯಾಪಾರಿಗೆ ಟ್ಯಾಕ್ಸೇ ಇರಬಾರದು. ನಮ್ಮನೆಗೆ ಕಾಫಿಗೆ ಬಂದಾಗಲೂ ಅದೇ ಮಾತು.

"ಸರ್ಕಾರ ರಸ್ತೆ, ಪೊಲೀಸು ನೋಡ್ಕಂಡ್ರೆ ಸಾಕು ಕಣ್ರಮ್ಮಾ. ಬಡವರ ಬುಟ್ಟಿಗೆ ಕೈ ಹಾಕ್ಬಾರ್ದು."

ಹಾಗೆನ್ನುತ್ತಲೇ ನನ್ನ ತಟ್ಟೆಯ ಚಕ್ಕುಲಿ ಮುರಿಯುತ್ತಿದ್ದರು. ಮಂಡಿಗೆ ಬಂದ ಪ್ರತಿ ಅಚ್ಚಿನಿಂದಲೂ ಚೂರು ಬೆಲ್ಲ ಮುರಿದು ರುಚಿ ನೋಡಿದ ಅಭ್ಯಾಸ. ಪೂರ್ ಮ್ಯಾನ್, ಕೈ ತಾನಾಗಿಯೇ ಹೋಗುತ್ತಿತ್ತು.

ಸಂತೆಯವರ ವೋಟು ಬಿದ್ದರೆ ಮಾತ್ರ ಡೆಪಾಸಿಟ್ ಉಳಿದೀತು ಎಂದು ಊರೆಲ್ಲ ಹೇಳುತ್ತಿತ್ತು. ಹಾಗಾಗಿ ಕೊನೆಯ ಭಾಷಣವನ್ನು ಸಂತೆಯಲ್ಲೇ ಇಟ್ಟುಕೊಂಡರು. ನಾನೂ ತರಕಾರಿ ಚೀಲ ಹಿಡಿದು ನಿಂತಿದ್ದೆ. ಸಂತೆ ಸುಂಕ ತೆಗೆಸುತ್ತೇನೆ ಎಂದಾಗ ಎಂಥ ಚಪ್ಪಾಳೆ! ಆ ಹುಮ್ಮಸ್ಸಿನಲ್ಲಿ ಪಕ್ಕದಲ್ಲಿ ಮಾರಲು ಕೂತಿದ್ದ ಅಜ್ಜಿಯ ಬುಟ್ಟಿಯಿಂದ ಒಂದು ಹಿಡಿ ಕಡಲೆಕಾಯಿ ತೆಗೆದು, ಸುಲಿದು ತಿನ್ನುತ್ತಾ ಮಾತು ಮುಂದುವರಿಸಿದರು. ಆ ಹಿಡಿ ಮುಗಿದ ಮೇಲೆ ಇನ್ನೊಂದು ಹಿಡಿ.

"ಸುಂಕದೋನು ಒಂದ್ ಸಲ ಈಸ್ಕಂಡು ಓಯ್ತಾನೆ ಕಣಪ್ಪೋ," ಎಂದು ಅಜ್ಜಿ ಕೂಗಿದಳು. "ನೀನು ಭಾಷಣ ಮುಗಿಯೋಗಂಟ ತಿಂತಾನೇ ಇದ್ದೀಯಲ್ಲಾ!"

ಇಡೀ ಸಂತೆ ನಕ್ಕಿತು. ಡೆಪಾಸಿಟ್ ಹೋಯಿತು.

ಆಮೇಲೂ ಅವರು ಕಾಫಿಗೆ ಬರುವುದನ್ನು ಬಿಡಲಿಲ್ಲ, ಥ್ಯಾಂಕ್ ಗಾಡ್. ಟ್ಯಾಕ್ಸಿನ ಮಾತು ತೆಗೆಯುವ ಮುಂಚೆ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾನು ಚಕ್ಕುಲಿ ತಟ್ಟೆಯನ್ನು ಮೆಲ್ಲಗೆ ಅವರತ್ತ ಸರಿಸುತ್ತಿದ್ದೆ.

"ಊಂಊಂ, ನಾನು ಮುಟ್ಟಾಕಿಲ್ಲ," ಎನ್ನುತ್ತಿದ್ದರು. "ನೀವಾಗೇ ಎತ್ತಿ ಕೊಟ್ರೆ ತಿಂತೀನಿ."