ಅಕ್ಕಯಮ್ಮನ ಸಹಿ

ಆವತಿಯಲ್ಲಿ ಮುನಿರಾಜಣ್ಣನಿಗೆ ಅಪ್ಪನಿಂದ ಬಂದ ಸೈಟು ಕೊಳ್ಳುವುದೆಂದು ತೀರ್ಮಾನವಾದಾಗ, ಕಾಗದಪತ್ರದ ಉಸಾಬರಿ ನನ್ನದು ಎಂದು ಗಂಡನ ಮುಂದೆ ಜಂಬ ಕೊಚ್ಚಿದ್ದೆ. ಮೊಬೈಲಿನಲ್ಲಿ ವಕೀಲರ ನಾಲ್ಕು ವಿಡಿಯೊ ನೋಡಿದ್ದೆನಲ್ಲ! ಇ-ಖಾತೆ, ಋಣಭಾರ ಪತ್ರ, ವಂಶವೃಕ್ಷ ಎಲ್ಲವನ್ನೂ ಮೂರು ಮೂರು ಸಲ ಓದಿ ಫೈಲಿಗೆ ಸೇರಿಸಿದೆ. ಮಗಳು ಸಿಂಚನಳ ಬಿಸ್ಕತ್ತಿನ ಪುಡಿಯೂ ಅದರಲ್ಲೇ ಸೇರಿತು.

ಕರಾರು ಪತ್ರಕ್ಕೆ ಮೊಹರು ಹಾಕಿಸಲು ದೇವನಹಳ್ಳಿಯ ನೋಟರಿ ಆದಿನಾರಾಯಣಪ್ಪನವರ ಹತ್ತಿರ ಹೋದೆವು. ಅವರೂ ಆವತಿಯವರೇ. ವಂಶವೃಕ್ಷ ನೋಡಿದ್ದೇ ಕನ್ನಡಕ ತೆಗೆದರು.

“ಮುನಿರಾಜು, ನಿಮ್ಮಕ್ಕ ಅಕ್ಕಯಮ್ಮ ಎಲ್ಲಪ್ಪಾ ಇದರಲ್ಲಿ?”

“ಮದ್ವೆಯಾಗಿ ಹೋದೋಳಲ್ವಾ ಸಾರ್...”

“ಮದ್ವೆಯಾದ್ರೆ ನಿಮ್ಮಪ್ಪನ ಮಗಳಲ್ವಾ? ಅವಳ ಸಹಿ ಇಲ್ದೆ ರಿಜಿಸ್ಟ್ರಿ ಮಾಡ್ಸಿ, ನಾಳೆ ಅವಳು ಕೇಸ್ ಹಾಕಿದ್ರೆ, ಮಗು ಎತ್ಕೊಂಡು ಕೋರ್ಟಿಗೆ ಅಲೆಯೋದು ಈಯಮ್ಮ. ನನ್ನ ಮೊಹರು ಬಿದ್ರೆ ಸುಳ್ಳು ನಿಜ ಆಗಲ್ಲ.”

ಸರ್ವೆ ನಂಬರಿನ ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿದ ಜಾಣೆಗೆ, ಈ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೇ ಎಂದು ಕೇಳಲು ತೋಚಿರಲಿಲ್ಲ. ಅದೂ ಕಂಕುಳಲ್ಲಿ ಹೆಣ್ಣುಮಗುವನ್ನು ಹೊತ್ತುಕೊಂಡು.

ಅಕ್ಕಯಮ್ಮನಿರುವುದು ಅನುಗೊಂಡನಹಳ್ಳಿಯಲ್ಲಿ. ಮರುದಿನ ಹೋದಾಗ ಹಸುವಿಗೆ ಬೂಸಾ ಕಲೆಸುತ್ತಿದ್ದರು. ಮುನಿರಾಜಣ್ಣ ಬೈಕಿನಿಂದ ಇಳಿಯಲೇ ಇಲ್ಲ. ಟೈಪು ಮಾಡಿಸಿ ತಂದಿದ್ದ ಒಪ್ಪಿಗೆ ಪತ್ರ, ವಂಶವೃಕ್ಷ ಎರಡನ್ನೂ ಮುಂದೆ ಚಾಚಿ, “ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ, ಸಾಕು” ಎಂದೆ.

“ಹೆಬ್ಬೆಟ್ಟಾ? ಏಳ್ನೇ ಕ್ಲಾಸು ಓದಿವ್ನಿ ಕಣಮ್ಮ.” ಕೈ ಒರೆಸಿಕೊಂಡು ನಿಧಾನವಾಗಿ ಓದಿದರು. “ಅಪ್ಪ ಅವ್ನೆ, ಅವ್ವ ಅವ್ಳೆ, ತಮ್ಮ ಅವ್ನೆ. ನಾನೊಬ್ಳೇ ಹುಟ್ಟಿಲ್ಲ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ತಪ್ಪಾಯ್ತಕ್ಕ. ನಾನೂ ನೋಡ್ಲಿಲ್ಲ.”

“ನೀನೇನ್ ಮಾಡ್ತೀಯ, ಹೊರಗಿನೋಳು. ಲೇ ಮುನಿರಾಜ, ಇಳಿಯೋ ಕೆಳಗೆ! ನಿನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿದೋಳು ನಾನು. ಮೊದ್ಲು ನನ್ನ ಹೆಸರು ಬರ್ಸು, ನಿನ್ನದಕ್ಕಿಂತ ಮೇಲೆ. ನನ್ನ ಪಾಲು ನನಗೆ ಕೊಡು. ಆಮೇಲೆ ಸಹಿ.”

ಮುನಿರಾಜಣ್ಣ ಇಳಿದ. ತಲೆಯನ್ನೂ ಇಳಿಸಿದ.

ಹೊಸ ವಂಶವೃಕ್ಷಕ್ಕೆ ನಾಡಕಚೇರಿಗೆ ಅಲೆದು ಐದು ವಾರ ಕಳೆಯಿತು. ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಪಾಲಿನ ಹಣ ಕೈಗೆ ಬಂದ ಮೇಲೆ, ಅಕ್ಕಯಮ್ಮ ಕ್ರಯಪತ್ರದ ಹಾಳೆಹಾಳೆಗೂ ದುಂಡಗೆ ಪೂರ್ತಿ ಹೆಸರು ಬರೆದರು. ಮುನಿರಾಜಣ್ಣ ಗಡಿಯಾರ ನೋಡಿದರೆ, “ಅರ್ಜೆಂಟಾ? ಕೂತ್ಕೊಳೋ” ಎಂದರು.

ನನ್ನ ಸರದಿ ಬಂತು. ಸಂಭ್ರಮದಲ್ಲಿ ಪೆನ್ನು ಹಿಡಿದು ಬಗ್ಗಿದೆ. ಅಕ್ಕಯಮ್ಮ ಗಬಕ್ಕನೆ ನನ್ನ ಕೈ ಹಿಡಿದರು.

“ಅದು ಸಾಕ್ಷಿಯೋರ ಜಾಗ ಕಣಮ್ಮ. ಸೈಟು ತಗೊಳ್ಳೋಳು ನೀನಲ್ವಾ? ಇಲ್ಲಿ ಹಾಕು.”