ನಂದಪ್ಪ ಮೇಷ್ಟ್ರ ಲ್ಯಾಪ್‌ಟಾಪ್

ಹರಿಹರದ ಶಾಲೆಯಲ್ಲಿ ನಂದಪ್ಪ ಮೇಷ್ಟ್ರು ಹಾಜರಿ ಕೂಗಿದರೆ, ರಸ್ತೆಯಾಚೆಯ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರೂ ಬೆಚ್ಚಿ "ಎಸ್ ಸಾರ್" ಅನ್ನುತ್ತಿದ್ದರು. ಅಂಥ ಗಂಟಲು. ನನ್ನ ಲೆಕ್ಕ ತಪ್ಪಿದರೆ, "ಲೇ ಪ್ರಕಾಶ, ತಲ್ಯಾಗೆ ಏನೈತೋ? ಮಂಡಕ್ಕಿ ತುಂಬ್ಕಂಡೀಯೇನು?" ಎಂದು ಗದರುವರು. ಸಂಜೆ ಮನೆಗೆ ಕರೆದು ಅದೇ ಮಂಡಕ್ಕಿ ತಿನ್ನಿಸಿ, ಅದೇ ಲೆಕ್ಕ ಬಿಡಿಸಿಕೊಡುವರು. ಅವರ ಹೆಂಡತಿ ಗಂಗಮ್ಮನವರು ಅಡುಗೆಮನೆಯ ಬಾಗಿಲು ದಾಟಿ ಈಚೆಗೆ ಬಂದವರಲ್ಲ. ಬೇರೆಯವರೆದುರು ಗಂಡನ ಪಕ್ಕ ಕೂರುವುದೆಂದರೆ ಆಕೆಗೆ ಬಲು ನಾಚಿಕೆ.

ಮೇಷ್ಟ್ರು ನಿವೃತ್ತರಾದ ಮರುವರ್ಷವೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ನಿಂತಿತು. ಬುದ್ಧಿ ಮಾತ್ರ ಚೂರೂ ಮಸುಕಾಗಲಿಲ್ಲ. ದೇವರು ಕೊಟ್ಟ ಶಿಕ್ಷೆ ಅದೇ. ಎಡಗೈಯ ತೋರುಬೆರಳು ಆಡುತ್ತಿತ್ತು. ಮಲಗಿದಲ್ಲೇ ಎದೆಯ ಮೇಲಿಟ್ಟು ಒತ್ತಲು ಲ್ಯಾಪ್‌ಟಾಪ್ ಆದೀತೆಂದು ನನಗೆ ಹೊಳೆಯಿತು. ಆಗ ತೊಂಬತ್ತರ ದಶಕದ ಕೊನೆ. ನಾನು ಕೆಲಸಕ್ಕಿದ್ದ ದಾವಣಗೆರೆಯಲ್ಲೂ ಅದನ್ನು ಕಂಡವರು ಕಡಿಮೆ.

"ಏನ್ ಕೆಲ್ಸಕ್ಕೆ ಸಾರ್?" ಅಂದ ಅಂಗಡಿಯವನು.

"ಬರೀ ಟೈಪ್ ಮಾಡೋಕೆ."

"ಹಂಗಾರೆ ಈ ಹಳೇದು ಸಾಕು ಬಿಡ್ರಿ. ದುಬಾರಿದು ಯಾಕ?"

ನಾನೂ ಸಾಕೆಂದುಕೊಂಡೆ. ಓದುವವರು ಯಾರೆಂದು ಅವನು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅದರ ಪರದೆ ನೇರ ಮುಂದಿದ್ದವರಿಗಷ್ಟೇ ಕಾಣುತ್ತಿತ್ತು; ತುಸು ಓರೆಯಾದರೆ ಬರೀ ಕಪ್ಪು. ಮೇಷ್ಟ್ರ ದಿಂಬಿನ ಮೇಲೆ ನನ್ನ ತಲೆಯನ್ನೂ ಇಟ್ಟು ಓದಬೇಕಾಯಿತು. ಅವರ ಮೊದಲ ಮಾತು: "ಲೇ, ಕಾಪಿ ಹೊಡಿಬ್ಯಾಡ." ನಗುತ್ತಲೇ ಅತ್ತುಬಿಟ್ಟೆ.

ಆದರೆ ಅದರಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಮೇಷ್ಟ್ರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಿದ್ದರು. ಗಂಗಮ್ಮನವರಿಗೆ ಇಂಗ್ಲಿಷ್ ಬಾರದು. ನಾನು ದಾವಣಗೆರೆಯಿಂದ ಹೋಗುವ ಭಾನುವಾರದವರೆಗೆ ಅವರ ಮಾತು ಕಾಯಬೇಕಿತ್ತು. ಒಂದು ಭಾನುವಾರ ಓದಿದೆ: "ಬೆನ್ನು ಉರಿಯುತ್ತೆ. ಮಗ್ಗಲು ತಿರುಗಿಸು." ಬುಧವಾರ ಬರೆದು ಸೇವ್ ಮಾಡಿಟ್ಟದ್ದು. ಅವರ ಸನ್ನೆಯನ್ನು ಹಸಿವೆಂದು ತಿಳಿದು ಗಂಗಮ್ಮನವರು ಮೂರು ದಿನ ಗಂಜಿ ಕುಡಿಸಿದ್ದರು. ತಿರುಗಿಸಿ ನೋಡಿದರೆ ಬೆನ್ನ ತುಂಬ ಹುಣ್ಣು. ಗಂಗಮ್ಮ ತಲೆ ತಲೆ ಚಚ್ಚಿಕೊಂಡರು.

"ತಮ್ಮಾ, ಆ ಅಕ್ಷರ ನಂಗೂ ಕಲಿಸು."

ವಾರವಾರ ಕಲಿಸಿದೆ. ಅರವತ್ತರ ಹತ್ತಿರದ ಹೆಂಗಸು ಹಿಟ್ಟಿನ ಡಬ್ಬದ ಮೇಲೂ ಎ, ಬಿ ಬರೆದಿದ್ದರು. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಮೇಷ್ಟ್ರು ಬಹಳ ಹೊತ್ತು ಒತ್ತಿ, ಬೆರಳಿನಿಂದ ಹೆಂಡತಿಯನ್ನು ಕರೆದರು. ನಾನು ಬಾಗಿದೆ.

"ನೀ ಓದಬ್ಯಾಡ. ನಂಗೆ ಬರ್ದಾರೆ, ನಾನೇ ಓದ್ತೀನಿ," ಅಂದರು ಗಂಗಮ್ಮ.

ನನ್ನೆದುರೇ ಗಂಡನ ಪಕ್ಕ ಮಂಚವೇರಿ, ದಿಂಬಿಗೆ ತಲೆಯಿಟ್ಟರು. ನಾನು ಕಾಲ ಬಳಿಗೆ ಸರಿದೆ. ಒಂದೊಂದೇ ಅಕ್ಷರ ಕೂಡಿಸಿ "ಗಂಗಾ" ಎಂದು ಓದಿ ಕೆಂಪಾದರು. ಮನೆಯಲ್ಲಿ ಯಾವತ್ತೂ ಹಾಗೆ ಕರೆಸಿಕೊಂಡವರಲ್ಲ. ಆಮೇಲೆ "ನಿನ್ನ" ಅಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಎಂದೋ ಸತ್ತಿತ್ತು, ಇನ್ನೂ ಸೇವ್ ಮಾಡಿರಲಿಲ್ಲ; ಬರೆದದ್ದೆಲ್ಲ ಅಳಿಸಿಹೋಯಿತು. ಕರೆಂಟು ಬಂದಾಗ ಮೇಷ್ಟ್ರು ಸೋತಿದ್ದರು, ಬೆರಳು ಏಳಲಿಲ್ಲ. ಮರುದಿನ ಬೆಳಗ್ಗೆ ಎರಡನೇ ಸಲ ಲಕ್ವ ಹೊಡೆದು ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಗಂಗಮ್ಮ ನನ್ನನ್ನು ಒಳಗೆ ಕರೆದರು.

"ನೀ ಅಲ್ಲೇ ನಿಂತಿದ್ದೆಲ್ಲಪ್ಪ. 'ನಿನ್ನ' ಆದ್ಮ್ಯಾಲೆ ಏನಿತ್ತು?"

"ಅಲ್ಲಿಂದ ಕಾಣಲಿಲ್ಲಮ್ಮ."

"ನಾನು ಬ್ಯಾಡ ಅಂದೆ ಅಂತ ನೋಡ್ದಂಗೇ ಇದ್ದುಬಿಟ್ಟೆಯಾ? ಒಂದೀಟು ಕದ್ದು ನೋಡಬಾರದಿತ್ತಾ?" ಎಂದು ನನ್ನ ತೋಳು ಹಿಡಿದು ಅಲುಗಿಸಿದರು.