ಅಕ್ಕನ ಬೆನ್ನು, ವಿಶಾಖಪಟ್ಟಣದ ಕಡಲು

ವಿಶಾಖಪಟ್ಟಣಕ್ಕೆ ಬಂದ ಮೊದಲ ಭಾನುವಾರ ಬೆಳಗ್ಗೆ ಕಡಲ ಮುಂದೆ ನಿಂತು ಕ್ಯಾಮೆರಾ ಕಣ್ಣಿಗಿಟ್ಟರೆ ಒಳಗೆ ಕಡಲೇ ಇರಲಿಲ್ಲ. ಬರೀ ಬಿಳಿ. ಅಂಗಿಯ ತುದಿಯಿಂದ ಲೆನ್ಸ್ ಒರೆಸಿದೆ, ಮತ್ತೆ ಬಿಳಿ. ಊರಿನಲ್ಲಿ ಅಪ್ಪನ ಸ್ಟುಡಿಯೊ ಮುಚ್ಚಿದಾಗ ಮಾರದೆ ಉಳಿಸಿಕೊಂಡಿದ್ದ ಒಂದೇ ಕ್ಯಾಮೆರಾ ಅದು, ಕೆಟ್ಟೇಹೋಯಿತು ಎಂದುಕೊಂಡೆ. ಪಕ್ಕದಲ್ಲಿ ಶೇಂಗಾ ಹುರಿಯುತ್ತಿದ್ದವನು ನಕ್ಕು, "ಉಕ್ಕಪೋತ ಅಂಡಿ" ಎಂದ. ಗಾಳಿಯೇ ಬೆವರುವ ಇಲ್ಲಿನ ಬೇಸಿಗೆಯ ಸೆಕೆಗೆ ಆ ಹೆಸರು. ಲಾಡ್ಜಿನ ಎಸಿ ರೂಮಿನಿಂದ ನೇರ ತಂದ ಲೆನ್ಸಿಗೆ ಮಂಜು ಹಿಡಿದಿತ್ತು. ನಮ್ಮ ಕಲ್ಯಾಣದುರ್ಗದ ಬೇಸಿಗೆಯಲ್ಲಿ ಧೂಳು ಕೂರುತ್ತದೆ, ಬ್ರಷ್ಷಿನಿಂದ ಕೊಡವಿದರೆ ಹೋಗುತ್ತದೆ. ಇಲ್ಲಿಯ ತೇವ ಲೆನ್ಸಿನ ಒಳಗೇ ಇಳಿದು ಬೂಷ್ಟು ಬೆಳೆಸುತ್ತದೆ.

ಬಾಡಿಗೆ ಮನೆ ಹುಡುಕುವಾಗ ನನ್ನ ತೆಲುಗು ಕೇಳಿದ ಕೂಡಲೇ "ಮೀದಿ ಸೀಮನಾ?" ಎನ್ನುತ್ತಿದ್ದರು. ನಮ್ಮ ರಾಯಲಸೀಮೆಯವರೆಂದರೆ ಮಂಚದ ಕೆಳಗೆ ಬಾಂಬು ಇಟ್ಟುಕೊಂಡಿರುತ್ತಾರೆ ಎಂದು ಇವರ ನಂಬಿಕೆ. ನಾನು ಮನೆಯಲ್ಲಿ ಮಾತಾಡುವುದು ಕನ್ನಡ ಎಂದರೆ ಇನ್ನೂ ಅನುಮಾನ. ಎರಡು ಮನೆ ಹೀಗೆ ಕೈತಪ್ಪಿ, ಮೂರನೆಯದು ಸಿಕ್ಕಿತು. ಗೋಡೆಗೆ ಒರಗಿದರೆ ಅಂಗಿ ಒದ್ದೆ. ಬಂದರಿನ ಹತ್ತಿರದ ಗೋದಾಮಿನಲ್ಲಿ ಗೇಟ್ ಪಾಸಿಗೆ ಫೋಟೊ ತೆಗೆಯುವುದು ನನ್ನ ಕೆಲಸ. ವಾರವಿಡೀ ಕೂಲಿಯವರ, ಲಾರಿ ಡ್ರೈವರುಗಳ ಮುಖ. ಊರಿನಲ್ಲಿ ಹೊಟ್ಟೆಪಾಡಾಗಿದ್ದ ನನ್ನ ಕ್ಯಾಮೆರಾ ಇಲ್ಲಿ ಭಾನುವಾರದ ಹವ್ಯಾಸವಾಯಿತು.

ಅಪ್ಪನ ಸ್ಟುಡಿಯೊದಲ್ಲಿ ಒಂದು ಪರದೆ ಇತ್ತು. ನೀಲಿ ಕಡಲು, ಎರಡು ತೆಂಗಿನ ಮರ, ಒಂದು ದೋಣಿ. ಬರೆದವನು ಹಿಂದೂಪುರದ ಪೇಂಟರ್. ಅವನು ಕಡಲು ಕಂಡವನಲ್ಲ. ಸುತ್ತಲಿನ ಕುಂದುರ್ಪಿ, ಬ್ರಹ್ಮಸಮುದ್ರದಂಥ ಊರುಗಳಿಂದ ಬಸ್ಸಿಳಿದು ಬಂದವರು ತಲೆಗೆ ನೀರು ಹಚ್ಚಿ ಬಾಚಿಕೊಂಡು ಅದರ ಮುಂದೆ ನಿಲ್ಲುತ್ತಿದ್ದರು. ಕೈ ನೆಟ್ಟಗೆ, ಕಣ್ಣು ಕ್ಯಾಮೆರಾಕ್ಕೆ, ನಗು ಬೇಡ. ನಮ್ಮಕ್ಕ ನರಸಕ್ಕನನ್ನು ಹಿಂದೂಪುರದ ಗಂಡಿನ ಕಡೆಯವರಿಗೆ ತೋರಿಸಲು ಅಪ್ಪ ತೆಗೆದ ಫೋಟೊ ಕೂಡ ಅಲ್ಲೇ. ಫೋನುಗಳು ಬಂದು ಸ್ಟುಡಿಯೊ ಮುಚ್ಚಿದಾಗ ಆ ಪರದೆಯನ್ನು ಅಕ್ಕ ಹಿಂದೂಪುರದ ತನ್ನ ಮನೆಗೆ ಒಯ್ದು ಬಚ್ಚಲಿಗೆ ಮರೆ ಕಟ್ಟಿದಳು.

ಇಲ್ಲಿನ ಹವ್ಯಾಸಿಗಳ ಗುಂಪು ಭಾನುವಾರ ಸೂರ್ಯ ಹುಟ್ಟುವ ಮುಂಚೆ ಕಡಲ ದಂಡೆಯಲ್ಲಿ ಸೇರುತ್ತದೆ. ಗುಂಪಿನ ಹಿರಿಯರು ರಾವುಗಾರು, ನಿವೃತ್ತ ಎಂಜಿನಿಯರ್. ನಾನು ಮೊದಲು ತೋರಿಸಿದ ಚಿತ್ರದಲ್ಲಿ ಬಲೆಗಾರನೊಬ್ಬ ಕೈ ನೆಟ್ಟಗಿಟ್ಟು ನನ್ನನ್ನೇ ನೋಡುತ್ತಿದ್ದ. "ಇದು ಗೇಟ್ ಪಾಸ್ ಅಂಡಿ!" ಎಂದರು ರಾವುಗಾರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಉರಿಯಿತು. ಆ ಬೇಸಿಗೆಯಲ್ಲಿ ಅವರ ದಾರಿ ಕಲಿತೆ. ಸೂರ್ಯನ ಎದುರಿಗೆ ಹಿಡಿ, ಮನುಷ್ಯನನ್ನು ಕಪ್ಪು ನೆರಳು ಮಾಡು, ಮುಖ ಮರೆಸು.

ಹೋದ ವರ್ಷ ಹುಣಸೆ ಸುಗ್ಗಿ ಮುಗಿದ ಮೇಲೆ ಅಕ್ಕ ಫೋನ್ ಮಾಡಿದಳು. ಹಿಂದೂಪುರದ ಮಂಡಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವುದು ಅವಳ ಕೆಲಸ.

"ಬತ್ತೀನಿ ಕಣ್ಲಾ ರಾಮಾಂಜಿ. ಅಪ್ಪ ತೆಗ್ದಿದ್ದು ಸುಳ್ಳು ಸಮುದ್ರ. ನಿಜುವಾದ್ದ್ರ ಮುಂದೆ ಒಂದು ತೆಗ್ದ್‌ಬುಡು, ಸಾಕು. ಮಂಡಿಯೋರಿಗೆಲ್ಲ ಹೇಳ್ಬುಟ್ಟಿವ್ನಿ."

ರೈಲಿನಲ್ಲಿ ಇಡೀ ಒಂದು ದಿನ ಕೂತು ಬಂದಳು, ಆ ಒಂದು ಫೋಟೊಗಾಗಿ. ಭಾನುವಾರ ಬೆಳಗ್ಗೆ ಹಸಿರು ರೇಷ್ಮೆ ಸೀರೆ ಉಟ್ಟು, ಪೌಡರ್ ಹಚ್ಚಿ, ಕನಕಾಂಬರ ಮುಡಿದು ಅಲೆಗಳಿಗೆ ಬೆನ್ನು ಮಾಡಿ ನಿಂತಳು. ಕೈ ನೆಟ್ಟಗೆ, ಕಣ್ಣು ಕ್ಯಾಮೆರಾಕ್ಕೆ. ಹಿಂದಿನಿಂದ ರಾವುಗಾರು ಮೆಲ್ಲಗೆ, "ಮುಖಂ ವದ್ದಂಡಿ" ಎಂದರು. ಮುಖ ಬೇಡವಂತೆ. ಅಕ್ಕ ನಿಂತ ರೀತಿಗೆ ನನಗೆ ಅವರೆದುರು ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಆ ನಾಚಿಕೆಗೆ ನಾಚಿಕೆಯಾಗುತ್ತದೆ.

"ಅಕ್ಕಾ, ತಿರುಗಿ ಸಮುದ್ರ ನೋಡು."

"ಬೆನ್ನು ತೋರ್ಸಿದ್ರೆ ಯಾರಂತ ಗೊತ್ತಾಗ್ತೈತಪ್ಪ?"

"ಆಮೇಲೆ ಮುಖದ್ದೂ ತೆಗೀತೀನಿ."

ತಿರುಗಿದಳು. ಸೂರ್ಯ ಹುಟ್ಟಿದ, ಸೆರಗು ಹಾರಿತು, ನಾನು ಒತ್ತುತ್ತಲೇ ಹೋದೆ. ಗುಂಪು ಸುತ್ತ ನೆರೆದು ಭೇಷ್ ಎನ್ನುವಷ್ಟರಲ್ಲಿ ಬಿಸಿಲು ಏರಿ ಬೆಳಕು ಕೆಟ್ಟಿತು. ನಾಳೆ ತೆಗೆಯೋಣ ಎಂದೆ. ನಾಳೆ ಕೆಲಸವಿತ್ತು, ನಾಡಿದ್ದು ಅವಳ ರೈಲು. ಫೋನಿನಲ್ಲಾದರೂ ಒಂದು ತೆಗೆಯಬಹುದಿತ್ತು. ಕೊರಳಲ್ಲಿ ದೊಡ್ಡ ಕ್ಯಾಮೆರಾ ತೂಗುವವನಿಗೆ ಫೋನ್ ಎತ್ತಲು ದೌಲತ್ತು ಬಿಡಲಿಲ್ಲ.

ಆ ಚಿತ್ರ ಗುಂಪಿನ ಪ್ರದರ್ಶನದಲ್ಲಿ ಬಾಗಿಲ ಎದುರಿಗೇ ತೂಗಿತು. ಕೆಳಗೆ ತೆಲುಗಿನಲ್ಲಿ ರಾವುಗಾರು ಬರೆಸಿದ್ದರು: 'ಕಡಲಿಗೆ ಹೋದ ಗಂಡನ ದಾರಿ ಕಾಯುತ್ತಿರುವ ಬೆಸ್ತರ ಹೆಂಗಸು.' ನಮ್ಮ ಭಾವ ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾನೆ. ಅವನು ಕೆರೆಗೂ ಇಳಿದವನಲ್ಲ. ಇವಳು ನಮ್ಮಕ್ಕ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಶಾಲು ಹೊದಿಸಲು ಕರೆದರು. ಬಾಯಿ ಮುಚ್ಚಿಕೊಂಡು ಹೊದಿಸಿಕೊಂಡೆ. ಗೋಡೆಯ ಮೇಲಿದ್ದ ಆ ಚಿತ್ರವನ್ನು ಫೋನಿನಲ್ಲಿ ತೆಗೆದು ಅಕ್ಕನಿಗೆ ಕಳಿಸಿದ್ದೂ ನಾನೇ, ಹೆಮ್ಮೆಯಿಂದ.

ಅವಳು ಅದನ್ನು ಮಂಡಿಯಲ್ಲಿ ತೋರಿಸಿದಳಂತೆ. ಓದು ಬಂದ ಒಬ್ಬಳು ಕೆಳಗಿನ ಸಾಲು ಗಟ್ಟಿಯಾಗಿ ಓದಿದಳು. "ಇದ್ಯಾರೋ ಬೆಸ್ತರೋಳು ಕಣಮ್ಮ. ನೀನು ಹೋಗೇ ಇಲ್ಲ ಬಿಡು" ಎಂದು ಎಲ್ಲರೂ ನಕ್ಕರಂತೆ. ಇದನ್ನು ಭಾವ ಹೇಳಿದ. ಅಕ್ಕ ಹೇಳಲಿಲ್ಲ, ಫೋನ್ ಮಾಡುವುದನ್ನೇ ನಿಲ್ಲಿಸಿದಳು.

ಈ ಬೇಸಿಗೆ ರಜೆ ಹಾಕಿ ಹಿಂದೂಪುರಕ್ಕೆ ಹೋದೆ. ದಾರಿಯಲ್ಲಿ ಸಿಕ್ಕವರು ಯಾವಾಗ ಬಂದೆ ಎಂದು ಕೇಳಲಿಲ್ಲ, ಯಾವಾಗ ಹೋಗುತ್ತೀಯ ಎಂದು ಕೇಳಿದರು. ಬಚ್ಚಲಿಗೆ ಹೊಸ ತಗಡು ಬಂದಿತ್ತು. ಪರದೆಯನ್ನು ತೊಳೆದು ಅಂಗಳದ ಗೋಡೆಗೆ ಮೊಳೆ ಹೊಡೆದು ತೂಗಿಬಿಟ್ಟಿದ್ದರು. ದೋಣಿ ಅಳಿಸಿಹೋಗಿತ್ತು, ತೆಂಗು ಉಳಿದಿತ್ತು. ಅಕ್ಕನ ಫೋನಿನಲ್ಲಿ ಅದೇ ಪರದೆಯ ಮುಂದೆ, ಅದೇ ಹಸಿರು ಸೀರೆಯಲ್ಲಿ, ಕೈ ನೆಟ್ಟಗಿಟ್ಟು ಅವಳು ನಿಂತಿದ್ದ ಫೋಟೊ. ತೆಗೆದವಳು ಪಕ್ಕದ ಮನೆಯವಳು.

"ಇದ್ನ ನೋಡಿದ್ ಮ್ಯಾಲೆ ನಾನು ಸಮುದ್ರಕ್ಕೋಗಿದ್ದೆ ಅಂತ ಮಂಡಿಯೋರು ನಂಬಿದ್ರು ಕಣಪ್ಪ" ಎಂದಳು.

ನಾನು ಚೀಲದಿಂದ ಕ್ಯಾಮೆರಾ ತೆಗೆದೆ. "ನಿಂತ್ಕೋ ಅಕ್ಕಾ, ಮುಖ ಬರೋ ಹಂಗೆ ತೆಗೀತೀನಿ."

ಅವಳು ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು.

"ಬ್ಯಾಡ ಬಿಡು. ನಿನ್ನ ಸ್ನೇಹಿತ್ರು ಏನಂತಾರೋ ಏನೋ" ಎಂದು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು.